ಮುಂಚೆ ಬಂದವನ ತಪ್ಪು

'ರ‍್ಯಾಲಿ' ಎಂಬ ಮಾತು ಇಂದು ನಮ್ಮ ಹಳ್ಳಿಗಳಲ್ಲಿಯೂ ಪರಿಚಿತವಾದುದು. ಚುನಾವಣೆ ಸಮೀಪಿಸಿತೆಂದರೆ ಬಾವುಟ ಕಟ್ಟಿದ ಬೈಕುಗಳು ಸಾಲುಗೊಂಡು ಹೊರಡುವುದು ರ‍್ಯಾಲಿ. ಕಬ್ಬಿನ ಬೆಲೆಗಾಗಿ ರೈತರು ಟ್ರ್ಯಾಕ್ಟರುಗಳನ್ನೇರಿ ಮಂಡ್ಯಕ್ಕೆ ಹೋಗುವುದು ರ‍್ಯಾಲಿ. ಹಳೆಯ ಕಾಲದ ಕಾರುಗಳನ್ನು ಒರಸಿ, ಹೊಳಪಿಟ್ಟು, ಮೈಸೂರಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದರೆ ಅದಕ್ಕೂ ಇದೇ ಹೆಸರು. ಇವುಗಳಲ್ಲಿ ಓಟವೆಲ್ಲಿ, ಗೆಲವೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದುದೂ ಇಲ್ಲ. ಚದುರಿದವರು ಮತ್ತೆ ಒಂದೆಡೆ ಬಂದು ಕೂಡುವುದು ಎಂಬುದೇ ಫ್ರೆಂಚ್ ಭಾಷೆಯಿಂದ ಬಂದ ಈ ಶಬ್ದದ ಮೂಲಾರ್ಥ. ಮೋಟಾರು ಕ್ರೀಡೆಗೆ ಈ ಹೆಸರು ಅಂಟಿಕೊಂಡದ್ದೂ ಇದೇ ಅರ್ಥದಲ್ಲಿ. ೧೯೧೧ರ ಜನವರಿಯಲ್ಲಿ ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟ ಕಾರುಗಳು ಚಳಿಗಾಲದ ಹಿಮದ ದಾರಿಗಳನ್ನು ದಾಟಿ, ಮೆಡಿಟರೇನಿಯನ್ ಸಮುದ್ರ ತೀರದ ಮಾಂಟೆಕಾರ್ಲೊದಲ್ಲಿ ಬಂದು ಸೇರಿದವು. ಯಾರು ಎಷ್ಟು ದೂರದಿಂದ ಬಂದರು, ಕಾರಿನೊಳಗೆ ಕುಳಿತವರಿಗೆ ಎಷ್ಟು ಸೌಕರ್ಯವಿದ್ದಿತು, ಕಾರು ಯಾವ ಸ್ಥಿತಿಯಲ್ಲಿ ಬಂದು ಮುಟ್ಟಿತು ಎಂಬುದನ್ನೆಲ್ಲ ಅಂದಿನ ತೀರ್ಪುಗಾರರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅತಿ ವೇಗವಾಗಿ ಬಂದವನೇ ಗೆದ್ದವನು ಎಂಬ ನಿಯಮ ಅಲ್ಲಿರಲಿಲ್ಲ.

ಇಂದಿನ ತರುಣರಲ್ಲಿ ಅನೇಕರು ಮೋಟಾರು ರ‍್ಯಾಲಿ ಎಂದರೆ ಧೂಳೆಬ್ಬಿಸಿಕೊಂಡು ಕಣ್ಣುಮುಚ್ಚಿ ಓಡಿಸುವುದು ಎಂದು ಭಾವಿಸಿದ್ದಾರೆ. ಅವರ ಹಿರಿಯರೂ ಹಾಗೆಯೇ ಭಾವಿಸಿ, ಇದು ಉಳ್ಳವರ ಹುಚ್ಚು, ಪೆಟ್ರೋಲಿನ ದಂಡ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಎರಡೂ ಪಕ್ಷದವರು ಆಟದ ನಿಯಮಗಳನ್ನು ಓದಿದವರಲ್ಲ. ನನ್ನ ಅಭಿಪ್ರಾಯದಲ್ಲಿ ರ‍್ಯಾಲಿಯು ವೇಗದ ಆಟವೆಂಬುದಕ್ಕಿಂತ ಹೆಚ್ಚಾಗಿ ಎಣಿಕೆಯ ಆಟ. ವೇಗವನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬ ವಿವೇಕದ ಆಟ. ಇದನ್ನು ತಿಳಿಯದೆ ಹೊಗಳುವುದರಿಂದಲೂ ಕೇಡಿದೆ, ತಿಳಿಯದೆ ತೆಗಳುವುದರಿಂದಲೂ ಕೇಡಿದೆ. ಹೊಗಳುವವರ ಕೇಡು ನಮ್ಮ ಹೆದ್ದಾರಿಗಳ ಮೇಲೆ ಕಣ್ಣಿಗೆ ಕಾಣುತ್ತಿದೆ.

ಈ ಆಟದ ಹುಟ್ಟನ್ನು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ೧೮೯೪ರ ಜುಲೈ ೨೨ರಂದು ಪ್ಯಾರಿಸಿನ ಪತ್ರಿಕೆಯೊಂದು ಅಲ್ಲಿಂದ ರೂಆನ್ ಪಟ್ಟಣದವರೆಗೆ, ೧೨೬ ಕಿಲೋಮೀಟರುಗಳ ದಾರಿಯಲ್ಲಿ, ಕುದುರೆಯಿಲ್ಲದ ಬಂಡಿಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಅಪಾಯವಿಲ್ಲದ, ಸುಲಭವಾಗಿ ನಡೆಸಬಹುದಾದ, ಹೆಚ್ಚು ಖರ್ಚಿಲ್ಲದ ಬಂಡಿಗೆ ಬಹುಮಾನ ಎಂಬುದು ಅದರ ನಿಬಂಧನೆ. ಎಲ್ಲರಿಗಿಂತ ಮುಂಚೆ ಬಂದವನು ಕೌಂಟ್ ದ ದಿಯೊನ್ ಎಂಬ ಶ್ರೀಮಂತ. ಆದರೆ ಅವನದು ಉಗಿಯ ಬಂಡಿ. ಒಲೆಗೆ ಉರುವಲು ಹಾಕಲು ಇನ್ನೊಬ್ಬ ಆಳು ಬೇಕಾಗಿದ್ದಿತು. ಆದುದರಿಂದ ಮೊದಲ ಬಹುಮಾನ ಅವನಿಗೆ ಸಲ್ಲಲಿಲ್ಲ. ಹಿಂದೆ ಬಂದ ಪೆಟ್ರೋಲಿನ ಬಂಡಿಗಳನ್ನು ತಯಾರಿಸಿದ ಇಬ್ಬರಿಗೆ ಅದನ್ನು ಹಂಚಿದರು. ಮರುವರ್ಷ ಪ್ಯಾರಿಸಿನಿಂದ ಬೋರ್ಡೋವಿಗೆ ಹೋಗಿ ಮರಳಿ ಬರುವ ೧,೧೭೮ ಕಿಲೋಮೀಟರುಗಳ ಸ್ಪರ್ಧೆಯಲ್ಲಿ ಎಮಿಲ್ ಲೆವಸ್ಸೋರ್ ಎಂಬವನು ೪೮ ಗಂಟೆ ೪೮ ನಿಮಿಷಗಳಲ್ಲಿ, ಉಳಿದವರು ಇನ್ನೂ ದಾರಿಯಲ್ಲಿರುವಾಗಲೇ ಬಂದುಬಿಟ್ಟನು. ಅವನಿಗೂ ಮೊದಲ ಬಹುಮಾನ ದೊರೆಯಲಿಲ್ಲ. ನಿಯಮವು ನಾಲ್ವರು ಕೂರಬಹುದಾದ ಕಾರನ್ನು ಕೇಳಿದ್ದಿತು. ಅವನದು ಇಬ್ಬರ ಕಾರಾಗಿದ್ದಿತು. ಹೀಗೆ ಮುಂಚೆ ಬಂದವನು ಸೋಲುವ ವಿಚಿತ್ರ ಈ ಆಟದ ತೊಟ್ಟಿಲಲ್ಲಿಯೇ ಇದ್ದಿತು.

ಆಮೇಲಿನ ಕೆಲವು ವರ್ಷಗಳಲ್ಲಿ ವೇಗದ ಮೋಹ ನಿಯಮಗಳನ್ನು ನುಂಗಿತು. ೧೯೦೩ರ ಮೇ ತಿಂಗಳಿನಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್‌ಗೆ ಹೊರಟ ಸ್ಪರ್ಧೆಯನ್ನು ನೋಡಲು ದಾರಿಯುದ್ದಕ್ಕೂ ಜನ ನೆರೆದಿದ್ದರು. ರಸ್ತೆಯ ಮೇಲೆ ಮಣ್ಣಿನ ಧೂಳು. ಧೂಳಿನೊಳಗೆ ಮುಂದಿನ ತಿರುವು ಕಾಣದು, ತಿರುವಿನಲ್ಲಿ ನಿಂತ ಮಗುವೂ ಕಾಣದು. ಸ್ಪರ್ಧಾಳುಗಳೂ ನೋಡಲು ಬಂದವರೂ ಸತ್ತರು. ಮಡಿದವರಲ್ಲಿ ಪ್ರಸಿದ್ಧ ಕಾರು ತಯಾರಕರ ಮನೆತನದ ಮಾರ್ಸೆಲ್ ರೆನೋ ಒಬ್ಬನು. ಸರ್ಕಾರವು ಓಟವನ್ನು ಬೋರ್ಡೋವಿನಲ್ಲಿಯೇ ತಡೆಯಿತು. ಕಾರುಗಳನ್ನು ಕುದುರೆಗಳಿಂದ ಎಳೆಸಿ ರೈಲು ನಿಲ್ದಾಣಕ್ಕೆ ಸಾಗಿಸಿದರಂತೆ! ಅಂದಿನಿಂದ ಬರಿಯ ವೇಗಕ್ಕೆ ಬೇಲಿಯೊಳಗಿನ ಓಟದ ಪಥವೇ ಸರಿ ಎಂಬ ತಿಳಿವು ಬೆಳೆಯಿತು. ನಮ್ಮ ನೆರೆಯ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿ ಅಂತಹ ಪಥವೊಂದಿದೆ. ಅಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸುತ್ತು ಹಾಕುತ್ತಾರೆ, ಮೊದಲು ಗೆರೆ ದಾಟಿದವನು ಗೆಲ್ಲುತ್ತಾನೆ. ರ‍್ಯಾಲಿಯು ಹೀಗಲ್ಲ. ಅದು ಜನ ಬಾಳುವ ನೆಲದ ದಾರಿಗಳಲ್ಲಿಯೇ ಉಳಿಯಿತು. ಉಳಿಯಬೇಕಾದರೆ ಅದು ಶಿಸ್ತನ್ನು ಕಲಿಯಲೇಬೇಕಾಯಿತು.

ದೂರದ ರ‍್ಯಾಲಿಗಳ ಕಥೆ ಪ್ರವಾಸ ಕಥನದಂತೆಯೇ ರಂಜಕವಾದುದು. ೧೯೦೭ರ ಜೂನ್ ೧೦ರಂದು ಚೀನಾದ ಪೀಕಿಂಗಿನಿಂದ ಐದು ಕಾರುಗಳು ಪ್ಯಾರಿಸಿಗೆ ಹೊರಟವು. ಸುಮಾರು ೧೫,೦೦೦ ಕಿಲೋಮೀಟರುಗಳ ಆ ಹಾದಿಯ ಬಹುಭಾಗದಲ್ಲಿ ರಸ್ತೆಯೆಂಬುದೇ ಇರಲಿಲ್ಲ. ಇಟಲಿಯ ರಾಜಕುಮಾರ ಬೋರ್ಗೇಸೆಯ ಕಾರು ಸೈಬೀರಿಯಾದಲ್ಲಿ ಮರದ ಸೇತುವೆಯೊಂದು ಮುರಿದು ಕೆಳಗೆ ಬಿದ್ದರೂ, ಅದನ್ನು ಎತ್ತಿ ನಿಲ್ಲಿಸಿಕೊಂಡು ಆತ ಆಗಸ್ಟ್ ೧೦ರಂದು ಪ್ಯಾರಿಸನ್ನು ಮುಟ್ಟಿದನು. ನಡುವೆ ಸೇಂಟ್ ಪೀಟರ್ಸ್‌ಬರ್ಗಿನ ಔತಣಕ್ಕೆಂದು ದಾರಿ ಬಿಟ್ಟು ಸುತ್ತಿಬರುವಷ್ಟು ಸಮಾಧಾನ ಅವನಿಗಿದ್ದಿತು. ೧೯೫೩ರಲ್ಲಿ ಪೂರ್ವ ಆಫ್ರಿಕದಲ್ಲಿ ಸಫಾರಿ ರ‍್ಯಾಲಿ ಮೊದಲಾಯಿತು. ಮಳೆ ಬಂದರೆ ಗಾಲಿ ಹೂತುಹೋಗುವ ಕೆಸರು, ಬಾರದಿದ್ದರೆ ಕೆಂಧೂಳು, ನಡುನಡುವೆ ದಾರಿಗಡ್ಡ ಬರುವ ದನಗಳು ಮತ್ತು ಕಾಡುಮೃಗಗಳು. ಈ ರ‍್ಯಾಲಿಯನ್ನು ೧೯೬೫, ೧೯೭೪ ಮತ್ತು ೧೯೭೬ರಲ್ಲಿ, ಹೀಗೆ ಮೂರು ಬಾರಿ ಗೆದ್ದವರು ಕೀನ್ಯಾದ ಜೋಗಿಂದರ್ ಸಿಂಗ್, ಭಾರತೀಯ ಮೂಲದವರು. ೧೯೬೫ರಲ್ಲಿ ಅವರು ತಮ್ಮ ಸೋದರ ಜಸ್ವಂತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದು ಬೇರೆಯವರು ಬಳಸಿಬಿಟ್ಟ ಹಳೆಯ ವೋಲ್ವೋ ಕಾರು. ಉಳ್ಳವರ ಆಟವೆಂಬ ಆಕ್ಷೇಪವನ್ನು ಎತ್ತುವವರು ಆ ಹಳೆಯ ಕಾರನ್ನು ನೆನೆಯಬಹುದು. ಆದರೆ ಆಕ್ಷೇಪ ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಇಂದಿನ ರ‍್ಯಾಲಿ ಕಾರಿನ ಖರ್ಚನ್ನು ಸಾಮಾನ್ಯ ಸಂಸಾರವೊಂದು ಹೊರುವಂತಿಲ್ಲ.

ನಮ್ಮ ದೇಶಕ್ಕೆ ಈ ಕ್ರೀಡೆ ಬಂದದ್ದು ತಡವಾಗಿ. ೧೯೬೮ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಹೊರಟ ಮಹಾ ರ‍್ಯಾಲಿಯು ದೆಹಲಿಯ ಮೂಲಕ ಮುಂಬಯಿಗೆ ಬಂದಾಗ, ದಾರಿಯುದ್ದಕ್ಕೂ ಜನ ನೆರೆದು ನೋಡಿದರು. ಕಾರುಗಳು ಅಲ್ಲಿಂದ ಹಡಗನ್ನೇರಿ ಆಸ್ಟ್ರೇಲಿಯಕ್ಕೆ ಹೋದವು. ೧೯೮೦ರಲ್ಲಿ ಹಿಮಾಲಯ ರ‍್ಯಾಲಿ ಮೊದಲಾಗಿ ಸುಮಾರು ಒಂದು ದಶಕ ನಡೆಯಿತು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ ಪ್ರಾರಂಭವಾದುದು ೧೯೮೮ರಲ್ಲಿ. ಕರ್ನಾಟಕದ ಪಾಲು ಇದರಲ್ಲಿ ಕಡಿಮೆಯದಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 'ಕೆ-೧೦೦೦' ರ‍್ಯಾಲಿಯು ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ೨೦೧೬ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತೊಂದು ನಡೆದು, ದೆಹಲಿಯ ಗೌರವ್ ಗಿಲ್ ಅದನ್ನು ಗೆದ್ದರು. ೨೦೧೫ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಮೋಟಾರು ಸೈಕಲ್ಲಿನಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿ, ಅದನ್ನು ಮುಗಿಸಿದ ಮೊದಲ ಭಾರತೀಯರೆನಿಸಿದರು. ಡಾಕರ್ ಎಂಬುದು ಆಫ್ರಿಕದ ಊರು. ೧೯೭೮ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಆ ಊರಿಗೆ ಮರುಭೂಮಿಯ ಮೂಲಕ ಮೊದಲ ಸ್ಪರ್ಧೆ ಹೊರಟಿತು. ಈಗ ಅದು ನಡೆಯುವುದು ಸೌದಿ ಅರೇಬಿಯದಲ್ಲಿ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಇನ್ನು ಆಟದ ಒಳಗನ್ನು ನೋಡೋಣ. ದೊಡ್ಡ ರ‍್ಯಾಲಿಗಳಲ್ಲಿ ದಾರಿಯು ಎರಡು ಬಗೆಯದು. ಕೆಲವು ತುಂಡುಗಳನ್ನು ಪೊಲೀಸರ ನೆರವಿನಿಂದ ಮುಚ್ಚಿ, ಇತರ ವಾಹನಗಳನ್ನು ತಡೆದು, ಒಂದೊಂದೇ ಕಾರನ್ನು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಅಲ್ಲಿ ಓಟ ಗಡಿಯಾರದೊಡನೆ. ಎದುರಾಳಿ ಕಣ್ಣಿಗೆ ಬೀಳುವುದೇ ಅಪರೂಪ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಾದರೋ ಸಾಮಾನ್ಯ ರಸ್ತೆ. ಅಲ್ಲಿ ಚಾಂಪಿಯನ್ನನೂ ಬಸ್ಸಿನ ಹಿಂದೆ ಕಾಯಬೇಕು, ಕೆಂಪು ದೀಪಕ್ಕೆ ನಿಲ್ಲಬೇಕು. ಮುಂದಿನ ಠಾಣೆಯನ್ನು ಮುಟ್ಟಲು ಅವನಿಗೆ ಇಂತಿಷ್ಟು ನಿಮಿಷವೆಂದು ಗೊತ್ತುಮಾಡಿರುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನ ನಿಯಮವನ್ನು ಗಮನಿಸಿರಿ. ಠಾಣೆಗೆ ಒಂದು ನಿಮಿಷ ತಡವಾಗಿ ಬಂದರೆ ಹತ್ತು ಸೆಕೆಂಡುಗಳ ದಂಡ. ಒಂದು ನಿಮಿಷ ಮುಂಚೆ ಬಂದರೆ ಪೂರ್ತಿ ಒಂದು ನಿಮಿಷದ ದಂಡ! ತಡವಾದುದಕ್ಕಿಂತ ಬೇಗ ಬಂದುದು ಆರು ಪಟ್ಟು ದೊಡ್ಡ ತಪ್ಪು. ಏಕೆಂದರೆ ಬೇಗ ಬಂದವನು ಜನರ ರಸ್ತೆಯಲ್ಲಿ ಮಿತಿ ಮೀರಿ ಓಡಿಸಿರಬೇಕು. ವೇಗವನ್ನೇ ಕಸುಬಾಗಿಸಿಕೊಂಡವರು ವೇಗಕ್ಕೆ ಹಾಕಿಕೊಂಡ ಈ ಕಡಿವಾಣವನ್ನು ನಮ್ಮ ಚಾಲಕರ ಪರವಾನಗಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾಗಿ ಕೇಳಬೇಕೆಂದು ನನಗೆ ಅನೇಕ ಬಾರಿ ಅನ್ನಿಸಿದೆ.

ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬನು ಚಾಲಕ, ಇನ್ನೊಬ್ಬನು ಸಹಚಾಲಕ. ಸ್ಪರ್ಧೆಗೆ ಮುಂಚೆ ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಹೋಗಿಬಂದು, ಪ್ರತಿ ತಿರುವನ್ನೂ ದಿಬ್ಬವನ್ನೂ ಹಳ್ಳವನ್ನೂ ಸಂಕೇತಗಳಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಓಟದ ವೇಳೆಯಲ್ಲಿ ಸಹಚಾಲಕನು ದಾರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಪುಸ್ತಕವನ್ನು ನೋಡುತ್ತಾನೆ. "ಎಡಕ್ಕೆ ಮೂರು, ಮುಂದೆ ಐವತ್ತು, ದಿಬ್ಬದ ಮೇಲೆ ಬಲಕ್ಕೆ ಐದು" ಎಂದು ಓದುತ್ತ ಹೋಗುತ್ತಾನೆ. ಆ ಅಂಕಿಗಳು ತಿರುವಿನ ಕಡಿದನ್ನು ಸೂಚಿಸುತ್ತವೆ. ಚಾಲಕನು ಕಾಣದ ತಿರುವನ್ನು ಕೇಳಿದ ಮಾತಿನ ಮೇಲೆ ನಂಬಿ ಹಾಯಬೇಕು. ಓದುವುದು ಒಂದು ಉಸಿರು ಮುಂಚೆಯಾದರೆ ಚಾಲಕನಿಗೆ ಮರೆತುಹೋಗುತ್ತದೆ, ಒಂದು ಉಸಿರು ತಡವಾದರೆ ಕಾರು ಹಳ್ಳದಲ್ಲಿರುತ್ತದೆ. ಗೆದ್ದ ದಿನ ಪತ್ರಿಕೆಗಳು ಚಾಲಕನ ಹೆಸರನ್ನು ದಪ್ಪಕ್ಷರದಲ್ಲಿಯೂ ಇವನ ಹೆಸರನ್ನು ಸಣ್ಣಕ್ಷರದಲ್ಲಿಯೂ ಅಚ್ಚುಹಾಕುತ್ತವೆ. ಇದು ಅನ್ಯಾಯ. ಕಾಸರಗೋಡಿನ ಮೂಸಾ ಶರೀಫ್ ನೂರಾರು ರ‍್ಯಾಲಿಗಳಲ್ಲಿ ಹೀಗೆ ಪಕ್ಕದ ಆಸನದಲ್ಲಿ ಕುಳಿತು ದಾರಿ ಓದಿದವರು, ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆದವರು. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ತೋಳ್ಬಲದ ಆಟ ಇದಲ್ಲವಾದುದರಿಂದ ಹೆಂಗಸರಿಗೂ ಇಲ್ಲಿ ಪ್ರತ್ಯೇಕ ಪಂಕ್ತಿಯಿಲ್ಲ. ೧೯೮೧ರಲ್ಲಿ ಫ್ರಾನ್ಸಿನ ಮಿಷೆಲ್ ಮೂತೊನ್, ಇಟಲಿಯ ಫಾಬ್ರಿಜಿಯಾ ಪೋನ್ಸ್ ಎಂಬ ಸಹಚಾಲಕಿಯೊಡನೆ, ಗಂಡಸರೆಲ್ಲರನ್ನೂ ಹಿಂದಿಕ್ಕಿ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ರ‍್ಯಾಲಿಯನ್ನು ಗೆದ್ದರು. ಮರುವರ್ಷ ಇಡೀ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವರಾದರು.

ರ‍್ಯಾಲಿಯ ಇನ್ನೊಂದು ಬಗೆಯಲ್ಲಿ ರಸ್ತೆಯನ್ನು ಮುಚ್ಚುವುದೇ ಇಲ್ಲ. ಕಾಲ, ವೇಗ, ದೂರ ಈ ಮೂರರ ಲೆಕ್ಕವೇ ಅದರ ಜೀವಾಳ. ಗಂಟೆಗೆ ೩೬ ಕಿಲೋಮೀಟರುಗಳ ಸರಾಸರಿಯಲ್ಲಿ ೨೭ ಕಿಲೋಮೀಟರು ಹೋಗಿರಿ ಎಂದು ಚೀಟಿಯಲ್ಲಿ ಬರೆದಿದ್ದರೆ, ಸರಿಯಾಗಿ ೪೫ ನಿಮಿಷಗಳಲ್ಲಿ ಅಲ್ಲಿರಬೇಕು. ಗುಪ್ತವಾಗಿ ಎಲ್ಲೋ ನಿಂತ ತನಿಖೆಯವರು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಮುಂಚೆ ಬಂದರೂ ದಂಡ, ತಡವಾದರೂ ದಂಡ. ಕಾನೂನಿನ ಮಿತಿಯೊಳಗೇ ನಡೆಯುವ ಈ ಆಟಕ್ಕೆ ಮನೆಯ ಹಳೆಯ ಕಾರೇ ಸಾಕು. ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ಇದೇ ಬಗೆಯ ರ‍್ಯಾಲಿಗಳನ್ನು ದೃಷ್ಟಿಹೀನರನ್ನು ಪಕ್ಕದಲ್ಲಿ ಕೂರಿಸಿ ನಡೆಸುತ್ತಾರೆ. ದಾರಿಯ ವಿವರವೆಲ್ಲ ಬ್ರೈಲ್ ಲಿಪಿಯಲ್ಲಿ ಇರುತ್ತದೆ. ಚಾಲಕನಿಗೆ ಕಣ್ಣಿದೆ, ಆದರೆ ಆ ಉಬ್ಬುಚುಕ್ಕಿಗಳನ್ನು ಓದಲಾರ. ಪಕ್ಕದವನಿಗೆ ಕಣ್ಣಿಲ್ಲ, ಆದರೆ ಬೆರಳ ತುದಿಯಲ್ಲಿ ಇಡೀ ದಾರಿಯಿದೆ. ಕಣ್ಣುಳ್ಳವನು ಕಣ್ಣಿಲ್ಲದವನನ್ನು ಕೇಳಿ ತಿರುಗಬೇಕು, ಕೇಳಿ ನಿಲ್ಲಬೇಕು. ಮೋಟಾರು ಕ್ರೀಡೆಯ ಅನೇಕ ಪ್ರಕಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ.

ಹಾಗೆಂದು ರ‍್ಯಾಲಿಯ ಮೇಲಿನ ಆಪಾದನೆಗಳನ್ನು ಮುಚ್ಚಿಡುವಂತಿಲ್ಲ. ೧೯೮೬ರಲ್ಲಿ ಪೋರ್ಚುಗಲ್ಲಿನ ರ‍್ಯಾಲಿಯಲ್ಲಿ ಜನ ರಸ್ತೆಯ ಅಂಚನ್ನು ದಾಟಿ ದಾರಿಯಲ್ಲಿಯೇ ನಿಂತಿದ್ದರು. ಹತೋಟಿ ತಪ್ಪಿದ ಕಾರು ಅವರ ಮೇಲೆ ಹರಿದು ಮೂವರು ಸತ್ತರು. ಅದೇ ವರ್ಷ ಇನ್ನೂ ಸಾವುಗಳಾದ ಮೇಲೆ ಅತಿ ಬಲದ ಕಾರುಗಳ ಆ ವರ್ಗವನ್ನೇ ನಿಷೇಧಿಸಿದರು. ನಮ್ಮ ದೇಶದಲ್ಲಿಯೇ, ೨೦೧೯ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ಮುಚ್ಚಿದ ದಾರಿಯೊಳಕ್ಕೆ ಬೈಕೊಂದು ಬಂದು, ಗಂಡ, ಹೆಂಡತಿ, ಮಗು ಮೂವರೂ ರ‍್ಯಾಲಿಯ ಕಾರಿಗೆ ಸಿಕ್ಕಿ ಪ್ರಾಣ ಬಿಟ್ಟರು. ಹಳ್ಳಿಯ ಮನುಷ್ಯನಿಗೆ ರಸ್ತೆಯೆಂಬುದು ತನ್ನ ಮನೆಯ ಅಂಗಳದ ಮುಂದುವರಿದ ಭಾಗ. ಯಾರೋ ಒಂದು ದಿನದ ಮಟ್ಟಿಗೆ ಅದನ್ನು ಮುಚ್ಚಿದ್ದಾರೆಂಬುದು ಅವನಿಗೆ ಹೇಗೆ ತಿಳಿಯಬೇಕು? ನಾಗಮಂಗಲದ ಸುತ್ತಿನ ರಸ್ತೆಗಳನ್ನೇ ನೋಡಿರಿ. ಸುಗ್ಗಿಯ ಕಾಲದಲ್ಲಿ ರಾಗಿಯನ್ನೂ ಹುರುಳಿಯನ್ನೂ ಟಾರಿನ ಮೇಲೆ ಹರಡಿ, ಹೋಗಿಬರುವ ಗಾಡಿಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುತ್ತೇವೆ. ಇದು ಸರಿಯಲ್ಲವೆಂದು ಎಲ್ಲರೂ ಬಲ್ಲೆವು. ಆದರೂ ಅದು ಇದೆ. ಇಂತಹ ನೆಲದಲ್ಲಿ ಎರಡು ಮರಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಓಟ ನಡೆಸುವುದು ತಕ್ಕುದಲ್ಲ. ಊರಿನ ಪಂಚಾಯಿತಿಯು ಸಭೆ ಸೇರಿ ಒಪ್ಪಿದ ಮೇಲೆಯೇ, ಮನೆಮನೆಗೂ ತಿಳಿಸಿದ ಮೇಲೆಯೇ, ಪ್ರತಿ ಅಡ್ಡದಾರಿಯಲ್ಲಿಯೂ ಕಾವಲಿಟ್ಟ ಮೇಲೆಯೇ ದಾರಿಯನ್ನು ಬಿಟ್ಟುಕೊಡಬೇಕು. ಚಿಕ್ಕಮಗಳೂರಿನಲ್ಲಿ ಮಾಡಿದಂತೆ ಒಡೆಯರು ಒಪ್ಪಿದ ತೋಟಗಳೊಳಗಿನ ದಾರಿಯಾದರೆ ಇನ್ನೂ ಮೇಲು.

ಆಟವನ್ನು ಉಳಿಸಿಕೊಂಡು ಅಪಾಯವನ್ನು ತಗ್ಗಿಸುವ ಈ ತೂಕದ ಕೆಲಸ ನಮ್ಮ ಭಾಗದವರಿಗೆ ಹೊಸದೇನಲ್ಲ. ಇದು ಹಳ್ಳಿಕಾರ್ ಎತ್ತುಗಳ ನಾಡು. ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳ ಬಲದಿಂದ ಹೈದರಾಲಿಯು ಚಿದಂಬರದ ನೆರವಿಗೆಂದು ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂದು ಹಳೆಯ ಬರಹಗಳು ಹೇಳುತ್ತವೆ. ಅದೂ ಒಂದು ಬಗೆಯ ರ‍್ಯಾಲಿಯೇ ಸರಿ. ನಮ್ಮ ಎತ್ತಿನಗಾಡಿ ಓಟಗಳಿಗೆ ೨೦೧೪ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ತಡೆ ಬಂದಿತು. ೨೦೧೭ರಲ್ಲಿ ರಾಜ್ಯವು ಕಾನೂನನ್ನು ತಿದ್ದಿ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕಲ್ಪಿಸಿತು. ೨೦೨೩ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿನ ಬೆನ್ನಿನ ಬಾಸುಂಡೆಯ ಬಗೆಗೆ ಇಷ್ಟು ವರ್ಷ ವಾದಿಸಿದ ನಾವು, ರಸ್ತೆಯಂಚಿನಲ್ಲಿ ನಡೆಯುವ ಮನುಷ್ಯನ ಬಗೆಗೂ ಅಷ್ಟೇ ಎಚ್ಚರದಿಂದ ವಾದಿಸಬೇಡವೆ?

ಆದರೆ ನಾನು ಭಯಪಡುವುದು ಅನುಮತಿ ಪಡೆದು ಹೆಲ್ಮೆಟ್ಟು, ಬೆಲ್ಟು, ಆಂಬುಲೆನ್ಸು ಎಲ್ಲವನ್ನೂ ಸಿದ್ಧಪಡಿಸಿಕೊಂಡು ನಡೆಯುವ ರ‍್ಯಾಲಿಗಾಗಿ ಅಲ್ಲ. ಅದರ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ಸಂಜೆ ಅಣ್ಣನ ಬೈಕನ್ನು ಹೊರಗೆ ತೆಗೆಯುವ ಹುಡುಗನಿಗಾಗಿ. ೨೦೨೩ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಆಗಸ್ಟ್ ೧ರಿಂದಲೇ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಬೇಕಾಗಿ ಬಂದುದು ಅಲ್ಲಿ ನಡೆದ ಅಪಘಾತಗಳಿಂದ. ನಾಗಮಂಗಲದಿಂದ ಬೆಳ್ಳೂರು ಕ್ರಾಸಿನ ಕಡೆಗೆ ಹೋಗುವ ದಾರಿಯಲ್ಲಿಯೂ, ಮಂಗಳೂರಿನ ಹೆದ್ದಾರಿಯಲ್ಲಿಯೂ, ಒಂದೇ ಚಕ್ರದ ಮೇಲೆ ಬೈಕನ್ನೆತ್ತಿ ಓಡಿಸುವ ಹುಡುಗರಿಗೆ ಕೊರತೆಯಿಲ್ಲ. ಅವರಿಗೆ ಸಹಚಾಲಕನಿಲ್ಲ, ಮುಂಚೆ ನೋಡಿ ಬರೆದಿಟ್ಟುಕೊಂಡ ತಿರುವಿಲ್ಲ, ದಂಡ ಹಾಕುವ ಠಾಣೆಯಿಲ್ಲ. ಹೀಗಿದ್ದೂ ತಾವು ಆಡುತ್ತಿರುವುದು ಅದೇ ಆಟವೆಂದು ತಿಳಿದಿದ್ದಾರೆ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಟದ ಪಂದ್ಯ ನಡೆಸುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪರಾಧ. ೨೦೧೯ರ ತಿದ್ದುಪಡಿಯು ಅದರ ದಂಡವನ್ನು ಐದು ಸಾವಿರ ರೂಪಾಯಿಗಳವರೆಗೆ ಏರಿಸಿತು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕರಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ೨೫,೦೦೦ ರೂಪಾಯಿಗಳ ದಂಡ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿಯೇ ಇಲ್ಲ. ಈ ವಿಷಯವನ್ನು ಠಾಣೆಯಲ್ಲಿ ಕುಳಿತು ತಿಳಿಯುವುದಕ್ಕಿಂತ ತರಗತಿಯಲ್ಲಿ ಕುಳಿತು ತಿಳಿಯುವುದು ಮೇಲು.

ಬರಿಯ ಹೆದರಿಕೆಯಿಂದ ಹುಡುಗರ ರಕ್ತದಲ್ಲಿರುವ ಹುಮ್ಮಸ್ಸು ಇಂಗುವುದಿಲ್ಲ. ಅದಕ್ಕೊಂದು ದಾರಿ ತೋರಬೇಕು. ನಮ್ಮ ಪ್ರೌಢಶಾಲೆಗಳ ಕ್ರೀಡಾಕೂಟದಲ್ಲಿ ಓಟ, ಜಿಗಿತ, ಗುಂಡೆಸೆತಗಳ ಜೊತೆಗೆ ಬೈಸಿಕಲ್ಲಿನ ರ‍್ಯಾಲಿಯೊಂದನ್ನು ಸೇರಿಸಬಾರದೇಕೆ? ಅದರಲ್ಲಿ ಯಾರು ಬೇಗ ಬಂದರೆಂಬುದು ಮುಖ್ಯವಲ್ಲ. ಇಬ್ಬಿಬ್ಬರು ವಿದ್ಯಾರ್ಥಿಗಳ ಜೋಡಿ. ಒಬ್ಬರ ಕೈಯಲ್ಲಿ ಗಡಿಯಾರ, ಇನ್ನೊಬ್ಬರ ಕೈಯಲ್ಲಿ ದಾರಿಯ ಚೀಟಿ. ಗಂಟೆಗೆ ಹನ್ನೆರಡು ಕಿಲೋಮೀಟರುಗಳ ಸರಾಸರಿಯಲ್ಲಿ, ವಾಹನ ಸಂಚಾರವಿಲ್ಲದ ಕೆರೆ ಏರಿಯ ದಾರಿಯನ್ನು ಹಿಡಿದು, ಒಂಬತ್ತು ಕಿಲೋಮೀಟರು. ಚೀಟಿಯಲ್ಲಿ ಊರಿನ ಹೆಸರುಗಳಿರಬಾರದು. ವೀರಗಲ್ಲು, ಅರಳಿಕಟ್ಟೆ, ತೂಬು ಎಂಬಂತಹ ಗುರುತುಗಳಿರಬೇಕು. ನಡುವೆ ಎಲ್ಲಿಯೋ ಒಂದು ಹುಣಿಸೆಮರದ ಮರೆಯಲ್ಲಿ ಗಣಿತದ ಮೇಷ್ಟರು ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಯಾವ ಜೋಡಿ ಎಷ್ಟು ನಿಮಿಷ ಮುಂಚೆ, ಎಷ್ಟು ನಿಮಿಷ ತಡವೆಂದು ಅವರು ಬರೆದುಕೊಳ್ಳುತ್ತಾರೆ. ಮುಂಚೆ ಬಂದವರಿಗೆ ಆರು ಪಟ್ಟು ದಂಡ.